ಎಂಡೋಸ್ಕೋಪಿ ಮೆಷಿನ್ ಬಂದ್ರೆ ಸಾಕಾ? ಕಾಸರಗೋಡಿಗೆ ಬೇಕಾದ್ದು ಪಳಗಿದ ಕೈಗಳು

ನಮ್ಮ ಕಾಸರಗೋಡಿನಲ್ಲಿ ಆಸ್ಪತ್ರೆ ವಿಷಯ ಬಂತು ಅಂದ್ರೆ ಮಾತು ಹೋಗುದು ಎರಡೇ ಕಡೆಗೆ, ಒಂದೋ ಕಟ್ಟಡ ಇಲ್ಲಾಂದ್ರೆ ಮೆಷಿನ್. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, 2020ರಲ್ಲಿ ಕೊರೋನ ಬಂದಾಗ ಅರ್ಜೆಂಟಿಗೆ ಕೋವಿಡ್ ಆಸ್ಪತ್ರೆ ಅಂತ ಅದರ ಬಾಗಿಲು ತೆಗೆದ್ರು, 50 ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಗುವಾಗ 2025 ಆಗಿತ್ತು. ಈ ಅಷ್ಟೂ ವರ್ಷ ಚರ್ಚೆ ಆದದ್ದು ಕಾಂಕ್ರೀಟಿನದ್ದು. ಈಗ ಅದೇ ಧಾಟಿಯಲ್ಲಿ "ನಮ್ಮ ಸರಕಾರಿ ಆಸ್ಪತ್ರೆಗಳಿಗೆಲ್ಲ ಎಂಡೋಸ್ಕೋಪಿ ಮೆಷಿನ್ ಕೊಡಿ, ಹೊಟ್ಟೆನೋವಿಗೆಲ್ಲ ಎಷ್ಟು ಅಂತ ಮಂಗ್ಳೂರಿಗೆ ಓಡುದು" ಅಂತ ಜನ ಕೇಳ್ತಾರೆ. ಕೇಳುದು ತಪ್ಪಲ್ಲ, ಆದ್ರೆ ಅರ್ಧ ಮಾತ್ರ ಕೇಳ್ತಾ ಇದ್ದೇವೆ. ಮೆಷಿನನ್ನು ಟೆಂಡರ್ ಕರೆದು ಆರು ತಿಂಗಳಲ್ಲಿ ತರಿಸ್ಬಹುದು, ಅದನ್ನು ಹಿಡಿಯುವ ಡಾಕ್ಟ್ರು, ಪಕ್ಕದಲ್ಲಿ ನಿಲ್ಲುವ ಸಿಸ್ಟರ್, ತೊಳೆಯುವ ಟೆಕ್ನಿಶಿಯನ್ ಟೆಂಡರಿನಲ್ಲಿ ಬರುದಿಲ್ಲ. ಅದರಲ್ಲೂ ಸಿಸ್ಟರ್ ಮತ್ತು ಟೆಕ್ನಿಶಿಯನ್ ಬಗ್ಗೆ ಯಾರೂ ಮಾತೇ ಎತ್ತುದಿಲ್ಲ, ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆ ನಿಂತಿರುದು ಅಲ್ಲಿ.

ಮೊದಲು ಎಂಡೋಸ್ಕೋಪಿ ರೂಮಿನ ಒಳಗೆ ಎಂತ ಆಗ್ತದೆ ಅಂತ ನೋಡುವ. ಜನ ಇದಕ್ಕೆ ಹೇಳುದು "ಪೈಪ್ ಹಾಕಿ ನೋಡುದು" ಅಂತ. ಬಾಯಿಂದ ಹೋದ್ರೆ ಅನ್ನನಾಳ, ಹೊಟ್ಟೆ, ಸಣ್ಣ ಕರುಳಿನ ಶುರುವಿನ ಭಾಗ ಕಾಣ್ತದೆ, ಹಿಂದಿನಿಂದ ಹೋದ್ರೆ ಅದು ಕೊಲೊನೋಸ್ಕೋಪಿ, ದೊಡ್ಡ ಕರುಳು ಪೂರ್ತಿ. ಬಾಯಿಂದ ಹಾಕುವ ಸ್ಕೋಪು, ಅಂದ್ರೆ ತುದಿಯಲ್ಲಿ ಕೆಮರಾ ಇರುವ ಆ ಪೈಪ್, ಸುಮಾರು ಒಂದು ಮೀಟರ್ ಉದ್ದ, ಒಂದು ಸೆಂಟಿಮೀಟರ್ ಆಸುಪಾಸು ದಪ್ಪ, ಅದರ ಒಳಗೆ ಮೂರು ಮಿಲಿಮೀಟರಿಗಿಂತ ಸಪೂರದ ಒಂದು ಚಾನೆಲ್, ಕತ್ತರಿ, ಸೂಜಿ, ಕ್ಲಿಪ್ ಎಲ್ಲ ಹೋಗುದು ಆ ಚಾನೆಲಿನಲ್ಲೇ. 1957ರಲ್ಲಿ ಬೇಸಿಲ್ ಹಿರ್ಶೋವಿಟ್ಜ್ ಅಮೆರಿಕದಲ್ಲಿ ಬಗ್ಗುವ ಗಾಜಿನ ನಾರಿನ ಸ್ಕೋಪನ್ನು ತೋರಿಸಿದ ಮೇಲೆ ಈ ವಿದ್ಯೆ ಬೆಳೀತು, ಅದಕ್ಕಿಂತ ಮೊದಲು ಗಟ್ಟಿ ಅಥವಾ ಅರೆಗಟ್ಟಿ ಕೊಳವೆ ಹಾಕಿ ನೋಡ್ತಿದ್ರು, ರೋಗಿಯ ಪಾಡು ದೇವರಿಗೇ ಪ್ರೀತಿ.

ಡಾಕ್ಟ್ರ ಕಣ್ಣು ಪೂರ್ತಿ ಸ್ಕ್ರೀನಿನ ಮೇಲೆ. ಹಾಗಾದ್ರೆ ರೋಗಿಯನ್ನು ನೋಡುದು ಯಾರು? ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಮೌತ್ ಗಾರ್ಡ್ ಕೊಟ್ಟು, ಜೊಲ್ಲು ಶ್ವಾಸಕೋಶಕ್ಕೆ ಹೋಗದ ಹಾಗೆ ಸಕ್ಷನ್ ಹಿಡ್ಕೊಂಡು, ಬೆರಳಿಗೆ ಹಾಕಿದ ಆಕ್ಸಿಜನ್ ಮೀಟರ್ ನೋಡ್ತಾ, ಜೊತೆಗೆ "ಉಸಿರು ಬಿಡಿ ಅಜ್ಜ, ಮುಗೀತು ಮುಗೀತು" ಅಂತ ಹೇಳುದು ತಲೆ ಹತ್ತಿರ ನಿಂತ ಸಿಸ್ಟರ್. ಮಂಪರಿಗೆ ಮಿಡಜೋಲಮ್ ಕೊಟ್ಟಿದ್ರೆ ಕೆಲಸ ಇನ್ನೂ ಜಾಸ್ತಿ, ವಯಸ್ಸಾದವರಲ್ಲಿ, ಉಬ್ಬಸ ಇದ್ದವರಲ್ಲಿ ಉಸಿರಾಟ ನಿಧಾನ ಆಗುದು ಮೀಟರಿನಲ್ಲಿ ಕಾಣುವ ಮೊದಲೇ ಎದೆಯ ಏರಿಳಿತದಲ್ಲಿ ಗೊತ್ತಾಗ್ತದೆ, ಅದನ್ನು ಗಮನಿಸ್ಲಿಕ್ಕೆ ಕಲಿತಿರ್ಬೇಕು. ಅದರ ಪರಿಣಾಮ ಇಳಿಸುವ ಫ್ಲುಮಜೆನಿಲ್ ಇಂಜೆಕ್ಷನ್ ಯಾವ ಡ್ರಾಯರಿನಲ್ಲಿ ಉಂಟು ಅಂತ ಆ ಹೊತ್ತಿಗೆ ಹುಡುಕ್ಲಿಕ್ಕೆ ಕೂತ್ರೆ ಆಗುದಿಲ್ಲ.

ಇನ್ನೊಬ್ಬರು ಬೇಕು, ಸಾಮಾನು ಕೊಡ್ಲಿಕ್ಕೆ. ಕೊಡುದು ಅಂದ್ರೆ ಬರೀ ಕೈಗೆ ಎತ್ತಿ ಕೊಡುದಲ್ಲ. ಕರುಳಿನಲ್ಲಿ ಪಾಲಿಪ್ ಅಂದ್ರೆ ಸಣ್ಣ ಗಡ್ಡೆ ಕಂಡ್ರೆ ಅದಕ್ಕೆ ತಂತಿಯ ಕುಣಿಕೆ ಹಾಕ್ತಾರೆ, ಸ್ನೇರ್ ಅಂತ ಹೆಸರು. ಕುಣಿಕೆ ಕೂರಿಸುದು ಡಾಕ್ಟ್ರು, ಬಿಗಿಯುದು ಹೆಚ್ಚಾಗಿ ಅಸಿಸ್ಟೆಂಟ್. ಕರೆಂಟ್ ಕೊಟ್ಟು ಕತ್ತರಿಸುವ ದಪ್ಪ ತೊಟ್ಟಿನ ಪಾಲಿಪ್ ಆದ್ರೆ, ಡಾಕ್ಟ್ರು ಪೆಡಲ್ ಒತ್ತುವ ಮೊದಲು ಅಸಿಸ್ಟೆಂಟ್ ಜೋರಾಗಿ ಎಳೆದ್ರೆ ತೊಟ್ಟು ಸುಡದೆ ತುಂಡಾಗಿ ರಕ್ತ ಚಿಮ್ಮುತ್ತದೆ, ತೀರಾ ಸಡಿಲ ಬಿಟ್ರೆ ಕರೆಂಟ್ ಬೇಡದ ಕಡೆಗೂ ಹೋಗಿ ಕರುಳಿನ ಗೋಡೆ ಸುಡ್ತದೆ. ಎಷ್ಟು ಬಿಗಿ ಸಾಕು ಅಂತ ಬೆರಳಿಗೇ ಗೊತ್ತಾಗ್ಬೇಕು. ಇದನ್ನು ಪಿಪಿಟಿ ತೋರಿಸಿ ಕಲಿಸ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ಹಾಗೆಯೇ ಬಯಾಪ್ಸಿ, ಅಂದ್ರೆ ಲ್ಯಾಬಿನ ಪರೀಕ್ಷೆಗೆ ತೆಗೆದ ತುಣುಕಿನ ಬಾಟ್ಲಿ ಮೇಲೆ ಹೆಸರು ಬರೆಯುದು ಸಣ್ಣ ಕೆಲಸ ಅಂತ ಕಾಣ್ತದೆ, ನಮ್ಮ ಊರಿನಲ್ಲಿ ಒಂದೇ ದಿನದ ಲಿಸ್ಟಿನಲ್ಲಿ ಇಬ್ಬರು ನಾರಾಯಣ, ಮೂರು ಜನ ಅಬ್ದುಲ್ಲ ಇರುದು ಮಾಮೂಲು, ಅಲ್ಲಿ ಬಾಟ್ಲಿ ಅದಲು ಬದಲಾದ್ರೆ ಕ್ಯಾನ್ಸರ್ ಇಲ್ಲದವನಿಗೆ ಕ್ಯಾನ್ಸರ್ ರಿಪೋರ್ಟು, ಇದ್ದವನಿಗೆ ಗ್ಯಾಸಿನ ಮಾತ್ರೆ.

ಇನ್ನು ತೊಳೆಯುವ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಯಾಕಂದ್ರೆ ರೋಗಿಯ ಕಣ್ಣಿಗೆ ಇದು ಕಾಣುದೇ ಇಲ್ಲ.

ಸ್ಕೋಪು ಒಂದು ಸಲ ಉಪಯೋಗಿಸಿ ಬಿಸಾಡುವ ಸಿರಿಂಜಿನ ಹಾಗಲ್ಲ, ಒಬ್ಬರ ಹೊಟ್ಟೆಯಿಂದ ತೆಗೆದದ್ದನ್ನೇ ತೊಳೆದು ಇನ್ನೊಬ್ಬರಿಗೆ ಹಾಕುದು. ಆಪರೇಷನ್ ಕತ್ತರಿಯ ಹಾಗೆ ಬಿಸಿ ಹಬೆಯ ಆಟೋಕ್ಲೇವಿಗೆ ಹಾಕಿದ್ರೆ ಸಾಮಾನ್ಯ ಸ್ಕೋಪು ಆ ಬಿಸಿಗೆ ಹಾಳಾಗ್ತದೆ. ಹಾಗಾಗಿ ಕೆಮಿಕಲ್‌ನಲ್ಲಿ ಶುದ್ಧ ಮಾಡ್ಬೇಕು, ಅದಕ್ಕೊಂದು ಕ್ರಮ ಉಂಟು. ರೋಗಿಯ ಮಂಚದ ಪಕ್ಕದಲ್ಲೇ ಹೊರಗೆ ಒರೆಸಿ ಚಾನೆಲಿನಲ್ಲಿ ಡಿಟರ್ಜೆಂಟ್ ನೀರು ಎಳೀಬೇಕು, ಲೋಳೆ ಒಣಗಿದ್ರೆ ಮತ್ತೆ ಹೋಗುದಿಲ್ಲ. ಆಮೇಲೆ ಲೀಕ್ ಟೆಸ್ಟ್, ಅಂದ್ರೆ ಗಾಳಿ ತುಂಬಿಸಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರ್ತದಾ ಅಂತ ನೋಡುದು. ಇದನ್ನು ಬಿಟ್ಟು ತೂತಾದ ಸ್ಕೋಪನ್ನು ಸೀದಾ ಕೆಮಿಕಲಿಗೆ ಹಾಕಿದ್ರೆ ಒಳಗಿನ ಎಲೆಕ್ಟ್ರಾನಿಕ್ಸಿಗೆ ನೀರು ಹೋಗಿ ಲಕ್ಷಗಟ್ಟಲೆ ರಿಪೇರಿ, ಸ್ಕೋಪು ತಿಂಗಳುಗಟ್ಟಲೆ ಕಂಪೆನಿಯಲ್ಲಿ, ಇತ್ತ "ಮೆಷಿನ್ ಕೆಟ್ಟಿದೆ" ಅಂತ ಬೋರ್ಡು. ಆ ಬೋರ್ಡಿನ ಹಿಂದೆ ಎಷ್ಟೋ ಸಲ ಇರುದು ಮೆಷಿನಿನ ದೋಷ ಅಲ್ಲ, ಎರಡು ನಿಮಿಷದ ಟೆಸ್ಟ್ ಕಲಿಸದ ದೋಷ. ಲೀಕ್ ಟೆಸ್ಟ್ ಆದ ಮೇಲೆ ಪ್ರತಿ ಚಾನೆಲಿಗೆ ಬ್ರಷ್ ಹಾಕಿ ಉಜ್ಜುದು, ಮತ್ತೆ ಗ್ಲುಟರಾಲ್ಡಿಹೈಡ್ ಅಥವಾ ಓಪಿಎ ತರದ ರೋಗಾಣು ಕೊಲ್ಲುವ ದ್ರಾವಣದಲ್ಲಿ ಹೇಳಿದಷ್ಟು ಹೊತ್ತು ಮುಳುಗಿಸುದು, ಆ ದ್ರಾವಣದ ಶಕ್ತಿ ಇಳಿದಿದೆಯಾ ಅಂತ ಸ್ಟ್ರಿಪ್ ಹಾಕಿ ನೋಡುದು, ಒಳ್ಳೆ ನೀರಿನಲ್ಲಿ ಜಾಲಿಸುದು, ಆಲ್ಕೋಹಾಲ್ ಹಾಯಿಸಿ ಗಾಳಿ ಬಿಟ್ಟು ಒಣಗಿಸಿ ನೇರ ತೂಗುಹಾಕುದು. ಒಣಗಿಸುದನ್ನು ಜನ ಲೆಕ್ಕಕ್ಕೇ ಹಿಡಿಯುದಿಲ್ಲ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ನಾಲ್ಕು ದಿನ ಒಣಗುದಿಲ್ಲ, ಹಾಗಿರುವಾಗ ಆ ಸಪೂರ ಚಾನೆಲಿನ ಒಳಗೆ ಪಸೆ ಉಳಿದ್ರೆ ರಾತ್ರಿ ಬೆಳಗಾಗುದರಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡಿ ಆಗಿರ್ತದೆ.

ಈಗ ಒಂದು ಲೆಕ್ಕ ಹಾಕಿ. ತೊಳೆಯುವ ಇಷ್ಟೆಲ್ಲ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡೀತದೆ ಅಂತ ಇಟ್ಕೊಳ್ಳಿ, ಪರೀಕ್ಷೆಗೆ ಕಾಲು ಗಂಟೆ. ಅಂದ್ರೆ ಒಂದು ಸ್ಕೋಪು ಒಂದು ಸುತ್ತು ಬರ್ಲಿಕ್ಕೆ ಒಂದು ಗಂಟೆ. ಎರಡು ಸ್ಕೋಪು ಇರುವ ಆಸ್ಪತ್ರೆ ಬೆಳಿಗ್ಗೆ 9ರಿಂದ 1ರ ವರೆಗೆ ನೋಡಿದ್ರೆ 8 ಜನ. ಅಷ್ಟೇ ಸ್ಕೋಪಿನಲ್ಲಿ ಒಂದು ಬೆಳಿಗ್ಗೆಗೆ 20 ಜನರದ್ದು ಮುಗಿಸಿದ್ದೇವೆ ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳಿದ್ರೆ ನನಗೆ ಮೊದಲು ಬರುದು ಹೆದರಿಕೆ, ಎಲ್ಲೋ ಒಂದು ಕಡೆ ಬ್ರಷ್ ಹಾಕ್ಲಿಕ್ಕೆ ಬಿಟ್ಟಿರ್ತಾರೆ. ಆ ಒತ್ತಡದಲ್ಲಿ "ಇಲ್ಲ ಡಾಕ್ಟ್ರೆ, ಸ್ಕೋಪು ಇನ್ನೂ ರೆಡಿ ಆಗ್ಲಿಲ್ಲ" ಅಂತ ಹೇಳ್ಲಿಕ್ಕೆ ಒಬ್ಬ ಟೆಕ್ನಿಶಿಯನಿಗೆ ಧೈರ್ಯ ಬೇಕಾದ್ರೆ ಅವನಿಗೆ ತರಬೇತಿಯೂ ಬೇಕು, ಸರ್ಟಿಫಿಕೇಟಿನ ಬೆಂಬಲವೂ ಬೇಕು. ನಿನ್ನೆ ವಾರ್ಡು ಗುಡಿಸ್ತಿದ್ದವರನ್ನು ಇವತ್ತು ಸ್ಕೋಪು ತೊಳೀಲಿಕ್ಕೆ ನಿಲ್ಲಿಸಿದ್ರೆ ಅವರು ಹಾಗೆ ಹೇಳ್ಲಿಕ್ಕಿಲ್ಲ. ಕ್ರಮ ತಪ್ಪದೆ ತೊಳೆದ್ರೂ ಅಪಾಯ ಪೂರ್ತಿ ಹೋಗುದಿಲ್ಲ ಅಂತ 2015ರಲ್ಲಿ ಲಾಸ್ ಏಂಜಲೀಸಿನ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಗೊತ್ತಾಯ್ತು. ಪಿತ್ತನಾಳ ನೋಡುವ ಡ್ಯುಯೊಡಿನೋಸ್ಕೋಪಿನ ತುದಿಯ ವಿನ್ಯಾಸವೇ ತೊಳೀಲಿಕ್ಕೆ ಕಷ್ಟದ್ದು, ಅದರಿಂದ ಆಂಟಿಬಯೋಟಿಕಿಗೆ ಬಗ್ಗದ ಬ್ಯಾಕ್ಟೀರಿಯಾ ಹರಡಿ ಜನ ಸತ್ರು. ಕಂಪೆನಿಯ ಪುಸ್ತಕದಲ್ಲಿ ಹೇಳಿದ ಹಾಗೆ ತೊಳೆದಲ್ಲೇ ಹೀಗೆ ಆದ್ರೆ, ಅಂದಾಜಿನಲ್ಲಿ ತೊಳೆಯುವ ಕಡೆ ಎಂತ ಕಥೆ.

ಡಾಕ್ಟ್ರ ತರಬೇತಿ ಬಗ್ಗೆಯೂ ಒಂದು ಭ್ರಮೆ ಉಂಟು, ಎಣಿಕೆಯ ಭ್ರಮೆ. ಎಂಬಿಬಿಎಸ್, ಆಮೇಲೆ ಮೂರು ವರ್ಷದ ಎಂಡಿ, ಮತ್ತೆ ಮೂರು ವರ್ಷದ ಡಿಎಂ ಗ್ಯಾಸ್ಟ್ರೊಎಂಟೆರಾಲಜಿ ಅಂದ್ರೆ ಹೊಟ್ಟೆ, ಕರುಳಿನ ವಿಶೇಷ ಓದು, ಇದು ರಾಜಮಾರ್ಗ. ಸರ್ಜನ್‌ಗಳು, ಕೆಲವು ಫಿಸಿಶಿಯನ್‌ಗಳು ಬೇರೆ ದಾರಿಯಲ್ಲಿ ಕಲೀತಾರೆ, ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಪೈಪ್ ಹಾಕುವವರಲ್ಲಿ ಅಂಥವರೂ ಇರ್ತಾರೆ, ಅದರಲ್ಲಿ ತಪ್ಪೇನಿಲ್ಲ. ಪ್ರಶ್ನೆ ಇರುದು ಎಷ್ಟು ಮಾಡಿದ್ರೆ ಕೈ ಪಳಗಿತು ಅಂತ ಹೇಳ್ಬಹುದು ಅನ್ನುವುದರಲ್ಲಿ. ಅಮೆರಿಕದ ಎಂಡೋಸ್ಕೋಪಿ ಸೊಸೈಟಿಯವರು ಬಾಯಿಂದ ಹಾಕುವ ಸ್ಕೋಪಿಗೆ 130, ಕೊಲೊನೋಸ್ಕೋಪಿಗೆ 275 ಆಸುಪಾಸು ಮಾಡಿದ ಮೇಲಷ್ಟೇ ಒಬ್ಬನ ಸಾಮರ್ಥ್ಯ ಅಳೀಲಿಕ್ಕೆ ಹೋಗಿ ಅಂತ ಹೇಳಿದ್ದಾರೆ. ಗಮನಿಸಿ, ಅದು ಪಾಸ್ ಮಾರ್ಕಲ್ಲ, ಪರೀಕ್ಷೆಗೆ ಕೂತ್ಕೊಳ್ಳುವ ಅರ್ಹತೆ. ನಮ್ಮಲ್ಲಿ ಕೆಲವರು ವಾರದ ಶಾರ್ಟ್ ಕೋರ್ಸಿಗೆ ಹೋಗಿ ಬಂದು ಗೋಡೆಗೆ ಫ್ರೇಮ್ ಹಾಕಿ ಶುರು ಮಾಡಿಬಿಡ್ತಾರೆ.

ಮತ್ತೆ ಸಾಮರ್ಥ್ಯ ಅಂದ್ರೆ ಎಂತದ್ದು? ಕೊಲೊನೋಸ್ಕೋಪಿಯಲ್ಲಿ ಅದಕ್ಕೆ ಸ್ಪಷ್ಟ ಅಳತೆಗಳು ಉಂಟು. ನೂರರಲ್ಲಿ ಕಡಿಮೆ ಅಂದ್ರೆ 90 ಜನರಲ್ಲಾದ್ರೂ ಸ್ಕೋಪು ದೊಡ್ಡ ಕರುಳಿನ ತುತ್ತತುದಿ ಅಂದ್ರೆ ಸೀಕಮ್ ಮುಟ್ಬೇಕು. ವಾಪಸ್ ತರುವಾಗ ಕಡಿಮೆ ಅಂದ್ರೆ 6 ನಿಮಿಷ ನೋಡ್ತಾ ಬರ್ಬೇಕು, ಯಾಕಂದ್ರೆ ಗಡ್ಡೆ ಕಾಣುದು ಹೋಗುವಾಗ ಅಲ್ಲ, ಬರುವಾಗ. 2006ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ 6 ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡಿದ ಡಾಕ್ಟ್ರುಗಳಿಗೆ ಗಡ್ಡೆಗಳು ತುಂಬಾ ಜಾಸ್ತಿ ಸಿಕ್ಕಿದ್ವು. ಎಲ್ಲಕ್ಕಿಂತ ಮುಖ್ಯ, ಸ್ಕ್ರೀನಿಂಗಿಗೆ, ಅಂದ್ರೆ ತೊಂದರೆ ಏನೂ ಇಲ್ಲದೆ ಮುಂಜಾಗ್ರತೆಗೆ ಬಂದವರಲ್ಲಿ ಎಷ್ಟು ಶೇಕಡಾ ಜನರಲ್ಲಿ ಅಡಿನೋಮ ಅನ್ನುವ ಕ್ಯಾನ್ಸರ್ ಆಗಬಲ್ಲ ಗಡ್ಡೆಯನ್ನು ಈ ಡಾಕ್ಟ್ರು ಹಿಡಿದಿದ್ದಾರೆ ಅನ್ನುದು. 2014ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಆ ಪ್ರಮಾಣ ಶೇ. 1 ಹೆಚ್ಚಾದ್ರೆ ಅವರ ರೋಗಿಗಳಲ್ಲಿ ಮುಂದೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 3 ಕಡಿಮೆ. ಎಂತಾ ಡಿಗ್ರಿ ಅಂತ ಕೇಳುವ ನಾವು ಇದನ್ನು ಕೇಳುದೇ ಇಲ್ಲ. ಅಲ್ಲಿನ ಸ್ಕ್ರೀನಿಂಗಿನ ಅಂಕಿಗಳನ್ನು ನಮ್ಮ ಊರಿಗೆ ತಂದು ಅಂಟಿಸ್ಲಿಕ್ಕೆ ಆಗ್ಲಿಕ್ಕಿಲ್ಲ, ನಮ್ಮಲ್ಲಿ ಜನ ಹೋಗುದೇ ತೊಂದರೆ ಆದ ಮೇಲೆ, ಆದ್ರೆ ಸೀಕಮ್ ಮುಟ್ಟಿತಾ ಇಲ್ವಾ, ಎಷ್ಟು ನಿಮಿಷ ನೋಡಿದ್ರು ಅಂತ ಬರೆದಿಡ್ಲಿಕ್ಕೆ ಒಂದು ನೋಟ್‌ಪುಸ್ತಕ ಸಾಕು.

ಕಲಿಸುವವರಿಗೂ ಕಲಿಸ್ಬೇಕು ಅನ್ನುದನ್ನು ಇಂಗ್ಲೆಂಡಿನವರು ಗಂಭೀರವಾಗಿ ತೆಗೊಂಡ್ರು, ಅಲ್ಲಿ ತರಬೇತುದಾರರಿಗೇ ಬೇರೆ ಕೋರ್ಸ್ ಉಂಟು. ನಿಪುಣ ಡಾಕ್ಟ್ರು ಅಂದ್ರೆ ಒಳ್ಳೆ ಮೇಷ್ಟ್ರು ಅಂತ ಅರ್ಥ ಅಲ್ಲ. ಶಿಷ್ಯ ಕರುಳಿನ ತಿರುವಿನಲ್ಲಿ ಸಿಕ್ಕಿಬಿದ್ದು ಒದ್ದಾಡುವಾಗ "ಕೊಡು ಇಲ್ಲಿ" ಅಂತ ಸ್ಕೋಪು ಕಸಿದು ತಾನೇ ದಾಟಿಸಿ ವಾಪಸ್ ಕೊಟ್ರೆ ರೋಗಿಗೆ ಲಾಭ, ಶಿಷ್ಯನಿಗೆ ಸೊನ್ನೆ. ಒಳಗೆ ಸ್ಕೋಪು ಕುಣಿಕೆಯ ಹಾಗೆ ಸುತ್ತಿಕೊಂಡಿದೆ, ಈಗ ದೂಡ್ಬೇಡ, ಸ್ವಲ್ಪ ಎಳೆದು ಬಲಕ್ಕೆ ತಿರುಗಿಸು, ಸಿಸ್ಟರ್ ಹತ್ರ ಹೊಟ್ಟೆ ಒತ್ತಿ ಹಿಡೀಲಿಕ್ಕೆ ಹೇಳು ಅಂತ ಬಾಯಲ್ಲಿ ಬಿಡಿಸಿ ಹೇಳ್ಲಿಕ್ಕೆ ಬರ್ಬೇಕು. ಸಿಮ್ಯುಲೇಟರ್ ಇದ್ರೆ ಮೊದಮೊದಲ ತಡವರಿಕೆ ರೋಗಿಯ ಮೇಲೆ ಆಗುದಿಲ್ಲ, ಅಷ್ಟರ ಮಟ್ಟಿಗೆ ಒಳ್ಳೇದು, ಮುಂದಿನದ್ದು ನಿಜವಾದ ರೋಗಿಯ ಹತ್ತಿರವೇ.

ಈಗ ಜಗಳ ಹುಟ್ಟಿಸುವ ಪ್ರಶ್ನೆ. ನರ್ಸ್‌ಗಳೇ ಸ್ಕೋಪು ಹಾಕ್ಬಹುದಾ? ನಮ್ಮಲ್ಲಿ ಈ ಮಾತು ಎತ್ತಿದ್ರೆ ಡಾಕ್ಟ್ರುಗಳ ಸಂಘದವರು ಬೆನ್ನು ಹತ್ತಿ ಬರ್ತಾರೆ ಗೊತ್ತುಂಟು. ಆದ್ರೆ ಇದು ಹೊಸ ವಿಷಯ ಅಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲೇ ನರ್ಸ್‌ಗಳು ಕರುಳಿನ ಕೆಳಭಾಗದ ಸಿಗ್ಮೊಯ್ಡೋಸ್ಕೋಪಿ ಮಾಡಿದ್ದಾರೆ, ಇಂಗ್ಲೆಂಡಿನಲ್ಲಿ 90ರ ದಶಕದಿಂದ ನರ್ಸ್ ಎಂಡೋಸ್ಕೋಪಿಸ್ಟ್ ಅಂತಲೇ ಹುದ್ದೆ ಉಂಟು. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 67 ಡಾಕ್ಟ್ರು, 30 ನರ್ಸ್‌ಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳ ಗುಣ ಆಗುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣ್ಲಿಲ್ಲ, ಅನ್ನನಾಳ ಮತ್ತು ಹೊಟ್ಟೆಯನ್ನು ನರ್ಸ್‌ಗಳೇ ಹೆಚ್ಚು ಕೂಲಂಕಷ ನೋಡಿದ್ರು. ಖರ್ಚಿನ ಲೆಕ್ಕದಲ್ಲಿ ಮಾತ್ರ ನರ್ಸ್‌ಗಳಿಂದ ಮಾಡಿಸಿದ್ರೆ ಅಗ್ಗ ಆಗ್ತದೆ ಅನ್ನುದು ಅಲ್ಲಿ ಸಾಬೀತಾಗ್ಲಿಲ್ಲ, ಅದನ್ನೂ ಹೇಳ್ಬೇಕು.

ನಮ್ಮಲ್ಲಿ ನಾಳೆಯೇ ಇದು ಶುರು ಆಗ್ಬೇಕು ಅಂತ ನಾನು ಹೇಳುದಿಲ್ಲ. ಅಲ್ಲಿ ನರ್ಸ್ ಸ್ಕೋಪು ಹಾಕುವಾಗ ಹಿಂದೆ ದೊಡ್ಡ ಏರ್ಪಾಡು ಉಂಟು, ಲೈವ್ ಪರೀಕ್ಷೆ, ದಾಖಲೆ, ಕರುಳು ತೂತಾದ್ರೆ ಪಕ್ಕದಲ್ಲೇ ಸರ್ಜನ್. ಇಲ್ಲಿ ಅದೆಲ್ಲ ಇಲ್ಲದೆ ಅಗ್ಗದ ಡಾಕ್ಟ್ರು ಸಿಕ್ಕಿದ್ರು ಅಂತ ನರ್ಸಿನ ಕೈಗೆ ಸ್ಕೋಪು ಕೊಟ್ರೆ ಏನಾದ್ರೂ ಆದಾಗ ಬಲಿಪಶು ಅವಳೇ. ಆದ್ರೆ ಬಾಗಿಲು ಮುಚ್ಚುದೂ ಸರಿಯಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕ್ರಿಟಿಕಲ್ ಕೇರಿನಲ್ಲಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ತಂದಾಗಿದೆ, ಐಸಿಯುವಿನಲ್ಲಿ ಆಗುದಾದ್ರೆ ಎಂಡೋಸ್ಕೋಪಿ ರೂಮಿನಲ್ಲಿಯೂ ಒಂದು ಮೆಟ್ಟಿಲು ಹಾಕ್ಬಹುದು. ಮೊದಲ ಮೆಟ್ಟಿಲು ಸ್ಕೋಪು ಹಾಕುದಲ್ಲ, ಎಂಡೋಸ್ಕೋಪಿ ನರ್ಸ್ ಅನ್ನುದೇ ಒಂದು ವಿಶೇಷ ಕೆಲಸ ಅಂತ ಒಪ್ಪುದು.

ಕಾಸರಗೋಡಿಗೆ ಇದು ಯಾಕೆ ಅಷ್ಟು ಅರ್ಜೆಂಟು ಅಂದ್ರೆ ರಕ್ತ ವಾಂತಿ. ಲಿವರ್ ಹಾಳಾದವರಲ್ಲಿ ಅನ್ನನಾಳದ ರಕ್ತನಾಳ ಒಡೆದು, ಇಲ್ಲಾ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ವಾಂತಿ ಆಗ್ತದೆ, ಕಪ್ಪು ಟಾರಿನ ಹಾಗಿನ ಮಲ ಹೋಗ್ತದೆ. ಇಂಥವರಿಗೆ ರಕ್ತ, ಡ್ರಿಪ್ ಕೊಟ್ಟು ಸ್ಥಿರ ಮಾಡಿ 24 ಗಂಟೆಯ ಒಳಗೆ, ಲಿವರ್ ಹಾಳಾಗಿ ರಕ್ತನಾಳ ಒಡೆದವರಿಗಾದ್ರೆ 12 ಗಂಟೆಯ ಒಳಗೆ, ಎಂಡೋಸ್ಕೋಪಿ ಮಾಡಿ ರಕ್ತ ನಿಲ್ಲಿಸ್ಲಿಕ್ಕೆ ಬ್ಯಾಂಡ್ ಅಥವಾ ಕ್ಲಿಪ್ ಹಾಕ್ಬೇಕು ಅನ್ನುದು ಈಗಿನ ನಿಯಮ. ಮಂಜೇಶ್ವರ, ವರ್ಕಾಡಿಯವರಿಗೆ ಮಂಗ್ಳೂರು ಹತ್ತಿರ, ದೇಲಂಪಾಡಿ, ಪನತ್ತಡಿ ಕಡೆಯವರಿಗೆ ಘಟ್ಟದ ಬುಡದಿಂದ ಇಳಿದು ಬರ್ಲಿಕ್ಕೇ ಹೊತ್ತು ಹೋಗ್ತದೆ. ಹೈವೇ ಅಗಲ ಆಯ್ತು, ತಲಪಾಡಿಯಿಂದ ಚೆಂಗಳದ ವರೆಗಿನ 39 ಕಿಲೋಮೀಟರ್ ಈಗ ಷಟ್ಪಥ, ಆದ್ರೆ ದಾರಿ ಚೆನ್ನಾಗಿದ್ರೆ ಆಸ್ಪತ್ರೆ ಬೇಡ ಅಂತ ಆಗುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನ ಅಂತ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದಾಗ ತಲಪಾಡಿಯಿಂದ ರೋಗಿಗಳು ವಾಪಸ್ ಬಂದದ್ದು, ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದದ್ದು ಇಲ್ಲಿ ಯಾರಿಗೆ ಮರೀತದೆ. ಇನ್ನೊಂದು, ಎಲೆಅಡಿಕೆ ನಮ್ಮ ಮನೆಮನೆಯ ವಿಷಯ. ಅಡಿಕೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿಯಾಗಿದೆ, ಹೊಗೆಸೊಪ್ಪು ಸೇರಿದ್ರೆ ಬಾಯಿಗೆ ಮಾತ್ರ ಅಲ್ಲ ಅನ್ನನಾಳಕ್ಕೂ ಅಪಾಯ. ತೋಟ ಇರುವವರಿಗೆ ಇದು ಕೇಳ್ಲಿಕ್ಕೆ ಕಹಿ, ನಮ್ಮಲ್ಲಿ ಹೆಚ್ಚಿನವರಿಗೆ ತೋಟ ಉಂಟು. ಅನ್ನ ಗಂಟಲಿನಲ್ಲಿ ಸಿಕ್ಕಿದ ಹಾಗೆ ಆಗ್ತದೆ, ತೂಕ ಇಳೀತಾ ಉಂಟು ಅಂತ ಅಜ್ಜ ಹೇಳುವಾಗ ಗ್ಯಾಸಿನ ಮಾತ್ರೆ ತಂದುಕೊಡದೆ ಪೈಪ್ ಹಾಕಿಸ್ಬೇಕು ಅನ್ನುದು ಈ ಕಾರಣಕ್ಕೆ.

ರಾತ್ರಿ 2 ಗಂಟೆಗೆ ರಕ್ತ ವಾಂತಿ ಕೇಸ್ ಬಂದ್ರೆ ಡಾಕ್ಟ್ರು ಒಬ್ಬರೇ ಓಡಿ ಬಂದು ಪ್ರಯೋಜನ ಇಲ್ಲ, ಬ್ಯಾಂಡಿನ ಸೆಟ್ ಜೋಡಿಸ್ಲಿಕ್ಕೆ ಗೊತ್ತಿರುವ ಒಬ್ಬ ಸಿಸ್ಟರ್ ಆನ್ ಕಾಲ್ ಇರ್ಬೇಕು. ಒಬ್ಬರೇ ಇದ್ರೆ ಅವರಿಗೆ ರಜೆ ಬೇಡ್ವಾ? ಹಾಗಾಗಿ ಕನಿಷ್ಠ ನಾಲ್ಕು ಜನ ಕಲಿತವರು ಬೇಕು, ಅದೂ ಅಲ್ಲೇ ಉಳಿಯುವವರು. ನಮ್ಮ ಸರಕಾರಿ ವ್ಯವಸ್ಥೆಯಲ್ಲಿ ಸ್ಟಾಫ್ ನರ್ಸ್ ಹೋಗಿ ನರ್ಸಿಂಗ್ ಆಫೀಸರ್ ಅಂತ ಹೆಸರು ಬಂತು, ಆದ್ರೆ ಕಲಿತ ಕೆಲಸಕ್ಕೂ ಹಾಕುವ ಡ್ಯೂಟಿಗೂ ಸಂಬಂಧ ಇರ್ಬೇಕು ಅಂತ ಇನ್ನೂ ಬರ್ಲಿಲ್ಲ. ಎಂಡೋಸ್ಕೋಪಿಯಲ್ಲಿ ಪಳಗಿದವರನ್ನು ಹೆರಿಗೆ ವಾರ್ಡಿಗೆ ಹಾಕಿದ್ರೆ ಕಲಿಸಿದ್ದು ಅಲ್ಲಿಗೇ ಮುಗೀತು. ಇನ್ನು ಕಲಿತವರು ಜರ್ಮನಿ, ಐರ್ಲೆಂಡಿಗೆ ಹೋಗ್ತಾರೆ ಅನ್ನುವ ದೂರು, ಹೋಗ್ಲಿ ಬಿಡಿ, ಅವರ ಹಕ್ಕು, ಅದಕ್ಕೆ ಹೆದರಿ ಕಲಿಸದೆ ಇದ್ರೆ ಕಲಿಯದವರೇ ಉಳೀತಾರೆ.

ಭಾಷೆಯ ವಿಷಯವೂ ತರಬೇತಿಯ ಒಳಗೇ ಬರ್ಬೇಕು. ಕೊಲೊನೋಸ್ಕೋಪಿಗೆ ಮೊದಲು ಕರುಳು ಖಾಲಿ ಮಾಡುವ ಪುಡಿಯನ್ನು ನೀರಿನಲ್ಲಿ ಕಲಸಿ ಕುಡೀಬೇಕು, ಅರ್ಧ ಹಿಂದಿನ ಸಂಜೆ, ಅರ್ಧ ಆ ದಿನ ಬೆಳಿಗ್ಗೆ, ನಡುವೆ ಸೊಪ್ಪು ಕಾಯಿಪಲ್ಯ ಬೇಡ, ಶುಗರಿನ ಮಾತ್ರೆ ಹೇಗೆ, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸುದಾ ಬೇಡ್ವಾ. ಮಲಯಾಳ ಓದ್ಲಿಕ್ಕೆ ಬಾರದ ಬದಿಯಡ್ಕದ ಅಜ್ಜಿಗೆ ಮಲಯಾಳದ ಚೀಟಿ ಕೊಟ್ರೆ, ಅವರು ಪೂರ್ತಿ ಪುಡಿಯನ್ನು ಒಂದೇ ಸಲ ಕುಡಿದು ಇಲ್ಲಾ ಅರ್ಧಕ್ಕೇ ಬಿಟ್ಟು ಬರ್ತಾರೆ, ಕರುಳು ಖಾಲಿ ಇಲ್ಲ, ಪರೀಕ್ಷೆ ಕ್ಯಾನ್ಸಲ್, ಬಾಡಿಗೆ ಜೀಪಿನ ದುಡ್ಡು ನಷ್ಟ. ಹಿಂದಿನ ದಿನ ಸಿಸ್ಟರ್ ಒಂದು ಫೋನ್ ಮಾಡಿ ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಕೇಳಿದ್ರೆ ಇದರಲ್ಲಿ ಹೆಚ್ಚಿನದ್ದು ತಪ್ತದೆ. ಊರಿನ ಮಕ್ಕಳನ್ನೇ ಆರಿಸಿ ಕಲಿಸಿದ್ರೆ ಈ ಲಾಭ ಪುಕ್ಕಟೆ.

ಕಲಿಯುದೆಲ್ಲಿ ಅಂದ್ರೆ ದಾರಿ ಇಲ್ಲದೆ ಇಲ್ಲ. ಕೇರಳದಲ್ಲಿ ಪ್ಲಸ್ ಟು ಸಯನ್ಸ್ ಆದವರಿಗೆ ಎಂಡೋಸ್ಕೋಪಿಕ್ ಟೆಕ್ನಾಲಜಿಯಲ್ಲೇ ಡಿಪ್ಲೊಮಾ ಉಂಟು, ಉಪಕರಣ ಶುದ್ಧೀಕರಣಕ್ಕೆ ಅಂತ ಬೇರೆ ಡಿಪ್ಲೊಮಾ ಉಂಟು, ನಮ್ಮ ಮಕ್ಕಳಿಗೆ ಹೆಚ್ಚಿನವರಿಗೆ ಈ ಹೆಸರು ಕೇಳಿಯೇ ಗೊತ್ತಿಲ್ಲ, ಎಲ್ಲರೂ ಲ್ಯಾಬ್ ಟೆಕ್ನಿಶಿಯನ್ ಹಿಂದೆ. ಪರಿಯಾರಂ, ಕೋಯಿಕ್ಕೋಡು ಮೆಡಿಕಲ್ ಕಾಲೇಜುಗಳಿಗೆ ಮೂರು ಮೂರು ತಿಂಗಳು ಸಿಸ್ಟರ್‌ಗಳನ್ನು ಕಳಿಸ್ಬಹುದು.

ಮತ್ತೆ ಯಾಕೆ ಎಲ್ಲರೂ ಮೆಷಿನನ್ನೇ ಕೇಳುದು, ಕೊಡುದು? ಇದರ ಉತ್ತರ ಜನರ ಬುದ್ಧಿಯಲ್ಲಿ ಇಲ್ಲ, ದುಡ್ಡಿನ ದಾರಿಯಲ್ಲಿ ಉಂಟು. ಕೇರಳದಲ್ಲಿ ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿನ ಕೈಯಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಹೆಚ್ಚಿನವು ಬ್ಲಾಕ್ ಪಂಚಾಯತಿನ ಇಲ್ಲಾ ನಗರಸಭೆಯ ಕೈಯಲ್ಲಿ. ಅವರ ಪ್ಲಾನ್ ಫಂಡಿನಿಂದ ಉಪಕರಣ ತೆಗೀಬಹುದು, ಎಂಎಲ್ಎ ಫಂಡಿನಿಂದಲೂ ಆಗ್ತದೆ, ಆದ್ರೆ ಒಂದು ಪರ್ಮನೆಂಟ್ ಹುದ್ದೆ ಹುಟ್ಟಿಸ್ಲಿಕ್ಕೆ ತಿರುವನಂತಪುರದ ಹಣಕಾಸು ಇಲಾಖೆಯೇ ಒಪ್ಬೇಕು. ಕೈಯಲ್ಲಿ ಆಗುದನ್ನು ಅವರು ಮಾಡ್ತಾರೆ, ಮೆಷಿನ್ ತೆಗೀತಾರೆ, ಉದ್ಘಾಟನೆ ಮಾಡ್ತಾರೆ. ಹಾಗಂತ ಅವರ ಕೈ ಪೂರ್ತಿ ಕಟ್ಟಿಲ್ಲ. ಆಸ್ಪತ್ರೆ ಮ್ಯಾನೇಜ್ಮೆಂಟ್ ಕಮಿಟಿ ತಾತ್ಕಾಲಿಕ ಸಿಬ್ಬಂದಿ ತೆಗೊಳ್ಬಹುದು, ಹಾಗಿರುವಾಗ ಒಬ್ಬ ಸಿಸ್ಟರ್ ತರಬೇತಿಗೆ ಹೋದ ಮೂರು ತಿಂಗಳಿಗೆ ಬದಲಿ ಆಳು ಇಡ್ಲಿಕ್ಕೆ ಇವರಿಂದಲೇ ಆಗ್ತದೆ, ಒಂದು ಡಿಪ್ಲೊಮಾ ಆದ ಟೆಕ್ನಿಶಿಯನನ್ನು ದಿನಸಂಬಳಕ್ಕೆ ತೆಗೊಳ್ಳಿಕ್ಕೂ ಆಗ್ತದೆ. ಮೆಷಿನಿನ ಪ್ರಪೋಸಲ್ ಮೀಟಿಂಗಿಗೆ ಬರುವಾಗ ಅದರ ಜೊತೆಯಲ್ಲೇ ಬ್ರಷ್, ದ್ರಾವಣ, ಟೆಸ್ಟ್ ಸ್ಟ್ರಿಪ್‌ಗಳ ವರ್ಷದ ಖರ್ಚು ಎಷ್ಟು, ತೊಳೆಯುದು ಯಾರು, ಅವರು ಕಲಿತದ್ದು ಎಲ್ಲಿ ಅಂತ ಒಂದು ಪುಟ ಇಲ್ಲದಿದ್ರೆ ಫೈಲನ್ನು ವಾಪಸ್ ಕಳಿಸ್ಲಿಕ್ಕೆ ಒಬ್ಬ ಮೆಂಬರ್ ಸಾಕು.